ಖಿನ್ನತೆಗೆ ವರ್ತನಾ ಚಿಕಿತ್ಸೆ: ‘ಎದ್ದು ಕೆಲಸ ಮಾಡು’ ಎಂಬ ಮಾತಿಗೂ ಇದಕ್ಕೂ ಏನು ವ್ಯತ್ಯಾಸ?

ಪ್ರಶ್ನೆ (ಶಿರಸಿ ತಾಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ ಖಿನ್ನತೆ ಇದೆಯೆಂದು ಮನೋವೈದ್ಯರು ಹೇಳಿ, ಮಾತ್ರೆ ಶುರುಮಾಡಿ ಕೆಲವು ತಿಂಗಳಾದವು. ಕಳೆದ ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಕೊಳೆ ರೋಗ ಬಂದು ಫಸಲಿನ ದೊಡ್ಡ ಪಾಲು ಉದುರಿಹೋದ ಮೇಲೆ ಹೀಗಾಯಿತು ಎಂದು ಮನೆಯವರು ಹೇಳುತ್ತಾರೆ. ಆದರೆ ಅದಕ್ಕೂ ಮೊದಲೇ ಅವನು ತಾಳಮದ್ದಳೆಗೆ ಹೋಗುವುದನ್ನು ಬಿಟ್ಟಿದ್ದ, ನೆಂಟರ ಮನೆಯ ಕಾರ್ಯಗಳಿಗೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ ಎಂಬುದು ಈಗ ನಮ್ಮ ಗಮನಕ್ಕೆ ಬರುತ್ತಿದೆ. ಮಾತ್ರೆಯಿಂದ ನಿದ್ರೆ ತುಸು ಸುಧಾರಿಸಿದೆ. ಆದರೂ ಹೊತ್ತು ಏರುವವರೆಗೆ ಹಾಸಿಗೆ ಬಿಡುವುದಿಲ್ಲ; ಕೇಳಿದರೆ ‘ಎಂತಕ್ಕೂ ಮನಸ್ಸಿಲ್ಲೆ’ ಎನ್ನುವುದಷ್ಟೇ ಉತ್ತರ.

ವೈದ್ಯರ ಸಲಹೆಯಂತೆ ಧಾರವಾಡದಲ್ಲಿ ಒಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಹೋಗಿ ಬಂದೆವು. ಅವರು ಬಾಲ್ಯದ ಬಗ್ಗೆಯಾಗಲಿ, ಮನಸ್ಸಿನೊಳಗಿನ ಯೋಚನೆಗಳ ಬಗ್ಗೆಯಾಗಲಿ ಹೆಚ್ಚು ಕೇಳದೆ, ಬೆಳಗಿನಿಂದ ರಾತ್ರಿಯವರೆಗೆ ಪ್ರತಿ ಗಂಟೆಗೆ ಒಂದು ಚೌಕವಿರುವ ಹಾಳೆಯನ್ನು ಕೊಟ್ಟರು. ಆಯಾ ಗಂಟೆಯಲ್ಲಿ ಏನು ಮಾಡಿದೆ, ಆಗ ಮನಸ್ಸು ಹೇಗಿತ್ತು ಎಂಬುದಕ್ಕೆ 0ಯಿಂದ 10ರವರೆಗೆ ಅಂಕ ಹಾಕಬೇಕಂತೆ. ಮುಂದಿನ ಸಲ ಅದನ್ನು ನೋಡಿ ‘ಚಟುವಟಿಕೆಯ ಯೋಜನೆ’ ಮಾಡೋಣ ಎಂದಿದ್ದಾರೆ. ಅಪ್ಪಯ್ಯನಿಗೆ ಇದು ಹಿಡಿಸಲಿಲ್ಲ. ‘ಎದ್ದು ಕೆಲಸ ಮಾಡು ಅಂತ ನಾನು ಮೊದಲಿನಿಂದ ಹೇಳುತ್ತಿರುವುದೂ ಅದನ್ನೇ, ಅದನ್ನು ಕೇಳಲು ಧಾರವಾಡಕ್ಕೆ ಹೋಗಬೇಕಿತ್ತೆ’ ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಈ ಚಿಕಿತ್ಸೆಗೆ ನಿಜವಾದ ಸಂಶೋಧನೆಯ ಆಧಾರವಿದೆಯೇ? ಅಪ್ಪಯ್ಯನ ಮಾತಿಗೂ ಇದಕ್ಕೂ ವ್ಯತ್ಯಾಸವೇನು? ಇದು ಫಲ ಕೊಟ್ಟರೆ ಮಾತ್ರೆ ನಿಲ್ಲಿಸಬಹುದೇ? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1 (ಕ್ಲಿನಿಕಲ್ ಸೈಕಾಲಜಿಸ್ಟ್, ಮೂಲತಃ ಹೊನ್ನಾವರದವಳು)

ನಿಮ್ಮ ತಂದೆಯವರ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಈ ಚಿಕಿತ್ಸೆ ಮನೆಯ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನೀವು ವರ್ಣಿಸಿದ ಹಾಳೆಯನ್ನು ನೋಡಿದರೆ, ನಿಮ್ಮ ಅಣ್ಣನಿಗೆ ಆರಂಭಿಸಿರುವುದು ‘ಬಿಹೇವಿಯರಲ್ ಆ್ಯಕ್ಟಿವೇಶನ್’ ಎಂಬ ವರ್ತನಾ ಚಿಕಿತ್ಸೆ. ಖಿನ್ನತೆಗೆ ಇರುವ ಮನೋಚಿಕಿತ್ಸೆಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೊಳಗಾದವುಗಳ ಪೈಕಿ ಇದೂ ಒಂದು.

1973ರಲ್ಲಿ ಚಾರ್ಲ್ಸ್ ಫರ್ಸ್ಟರ್ ಎಂಬ ಅಮೆರಿಕದ ಮನೋವಿಜ್ಞಾನಿ, ಖಿನ್ನತೆಗೊಳಗಾದವರ ದಿನಚರಿಯಲ್ಲಿ ಎರಡು ಬದಲಾವಣೆಗಳು ಒಟ್ಟಿಗೇ ಆಗಿರುತ್ತವೆ ಎಂದು ಬರೆದರು: ಮನಸ್ಸಿಗೆ ಏನಾದರೂ ಪ್ರತಿಫಲ ಕೊಡುವ ಕೆಲಸಗಳು ಕಡಿಮೆಯಾಗುತ್ತವೆ, ನೋವಿನಿಂದ ತಪ್ಪಿಸಿಕೊಳ್ಳುವ ನಡವಳಿಕೆಗಳು ಹೆಚ್ಚುತ್ತವೆ. ಅದೇ ದಶಕದಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಪೀಟರ್ ಲೆವಿನ್‌ಸನ್ ಈ ವಿಚಾರವನ್ನು ಚಿಕಿತ್ಸೆಯಾಗಿ ಬೆಳೆಸಿದರು. ಮನುಷ್ಯನಿಗೆ ಸಂತೋಷ ಕೊಡಬಹುದಾದ 320 ಚಟುವಟಿಕೆಗಳ ಪಟ್ಟಿಯೊಂದನ್ನು ಅವರ ತಂಡ ಸಿದ್ಧಪಡಿಸಿ, ಯಾರು ಯಾವುದನ್ನು ಎಷ್ಟು ಮಾಡುತ್ತಾರೆ, ಅದರಿಂದ ಅವರ ಮನಃಸ್ಥಿತಿ ಹೇಗೆ ಬದಲಾಗುತ್ತದೆ ಎಂಬುದನ್ನು ದಿನದಿನವೂ ಅಳೆಯಿತು. ನಿಮ್ಮ ಅಣ್ಣನ ಕೈಯಲ್ಲಿರುವ ಹಾಳೆಯ ಹಿಂದೆ ಈ ಪರಂಪರೆಯಿದೆ.

ಆಮೇಲೆ ಯೋಚನೆಗಳನ್ನು ತಿದ್ದುವ ಕಾಗ್ನಿಟಿವ್ ಚಿಕಿತ್ಸೆ ಮುನ್ನೆಲೆಗೆ ಬಂದಿತು. ಅದರಲ್ಲೂ ಚಟುವಟಿಕೆಯ ಯೋಜನೆ ಒಂದು ಭಾಗವಾಗಿತ್ತು, ಆದರೆ ಅದನ್ನು ಕೇವಲ ಪೀಠಿಕೆಯೆಂದು ಭಾವಿಸಲಾಗಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ಲಿನಿಕಲ್ ಸೈಕಾಲಜಿಸ್ಟ್ ನೀಲ್ ಜೇಕಬ್‌ಸನ್ ಇಲ್ಲಿಯೇ ತಮ್ಮ ಪ್ರಶ್ನೆಯನ್ನು ಎತ್ತಿದರು. ಆ ಚಿಕಿತ್ಸೆಯಲ್ಲಿ ಗುಣ ಕೊಡುತ್ತಿರುವುದು ಯಾವ ಭಾಗ? ಖಿನ್ನತೆಯಿದ್ದ 150 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದಕ್ಕೆ ಚಟುವಟಿಕೆಯ ಭಾಗವನ್ನು ಮಾತ್ರ, ಇನ್ನೊಂದಕ್ಕೆ ಅದರ ಜೊತೆ ತಟ್ಟನೆ ಬರುವ ನಕಾರಾತ್ಮಕ ಯೋಚನೆಗಳನ್ನು ತಿದ್ದುವ ಅಭ್ಯಾಸವನ್ನು, ಮೂರನೆಯದಕ್ಕೆ ಪೂರ್ಣ ಚಿಕಿತ್ಸೆಯನ್ನು ಕೊಟ್ಟರು. 1996ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂರೂ ಗುಂಪುಗಳು ಸಮನಾಗಿದ್ದವು; ಎರಡು ವರ್ಷಗಳ ನಂತರ ನೋಡಿದಾಗಲೂ, ಖಿನ್ನತೆ ಮರುಕಳಿಸಿದವರ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಚಿಕಿತ್ಸೆ ಕೊಟ್ಟವರು ಕಾಗ್ನಿಟಿವ್ ಚಿಕಿತ್ಸೆಯಲ್ಲೇ ಪಳಗಿದವರು, ಪೂರ್ಣ ಚಿಕಿತ್ಸೆಯೇ ಗೆಲ್ಲಬಹುದೆಂದು ನಿರೀಕ್ಷಿಸಿದವರು. ಈ ಫಲಿತಾಂಶದ ಬಗ್ಗೆ ನನಗೆ ಹೆಚ್ಚು ವಿಶ್ವಾಸ ಬರಲು ಅದೂ ಒಂದು ಕಾರಣ.

ಜೇಕಬ್‌ಸನ್ 1999ರಲ್ಲಿ ತೀರಿಕೊಂಡರು. ಅವರ ಬಳಗ ಮುಂದುವರಿಸಿದ ದೊಡ್ಡ ಅಧ್ಯಯನವನ್ನು 2006ರಲ್ಲಿ ಸೋನಾ ಡಿಮಿಡ್ಜಿಯನ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದರು. ಅದರಲ್ಲಿ 241 ವಯಸ್ಕರಿದ್ದರು. ವರ್ತನಾ ಚಿಕಿತ್ಸೆ, ಕಾಗ್ನಿಟಿವ್ ಚಿಕಿತ್ಸೆ, ಪ್ಯಾರಾಕ್ಸಿಟಿನ್ ಎಂಬ ಮಾತ್ರೆ ಮತ್ತು ಔಷಧವಿಲ್ಲದ ಹುಸಿಮಾತ್ರೆ, ಈ ನಾಲ್ಕನ್ನು ಹೋಲಿಸಲಾಯಿತು. ಖಿನ್ನತೆ ತೀವ್ರವಾಗಿದ್ದವರಲ್ಲಿ ವರ್ತನಾ ಚಿಕಿತ್ಸೆ ಮಾತ್ರೆಯಷ್ಟೇ ಫಲ ನೀಡಿತು, ಇವೆರಡೂ ಕಾಗ್ನಿಟಿವ್ ಚಿಕಿತ್ಸೆಗಿಂತ ಮೇಲಾದವು. ಸೌಮ್ಯ ಖಿನ್ನತೆಯವರಲ್ಲಿ ಚಿಕಿತ್ಸೆಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಚಟುವಟಿಕೆಯ ಚಿಕಿತ್ಸೆ ಹಗುರವಾದ ಬೇಸರಕ್ಕೆ ಮಾತ್ರ ಸರಿ, ನಿಜವಾದ ಖಾಯಿಲೆಗೆ ಅಲ್ಲ ಎಂಬ ಊಹೆಯನ್ನು ಈ ಅಧ್ಯಯನ ಅಲುಗಾಡಿಸಿತು.

ಈಗ ನಿಮ್ಮ ತಂದೆಯವರ ಮಾತಿಗೆ ಬರುತ್ತೇನೆ. ‘ಎದ್ದು ಕೆಲಸ ಮಾಡು’ ಎನ್ನುವವರು, ಮನಸ್ಸು ಮಾಡಿದರೆ ಆತ ಏಳಬಲ್ಲ ಎಂದು ಭಾವಿಸಿರುತ್ತಾರೆ. ಈ ಚಿಕಿತ್ಸೆ ಹಾಗೆ ಭಾವಿಸುವುದಿಲ್ಲ. ಮನಸ್ಸು ಬರಲಿ ಎಂದು ಕಾಯುವುದನ್ನೇ ಅದು ಬಿಡಿಸುತ್ತದೆ. ಮೊದಲು ಕ್ರಿಯೆ, ಅದೂ ಈ ದಿನ, ಈ ಹೊತ್ತಿಗೆ, ಇಷ್ಟೇ ಹೊತ್ತು ಎಂದು ಗೊತ್ತುಮಾಡಿಕೊಂಡ ಚಿಕ್ಕ ಕ್ರಿಯೆ. ಮನಸ್ಸು ಅದರ ಹಿಂದೆ ನಿಧಾನವಾಗಿ ಬರುತ್ತದೆ, ಕೆಲವು ಸಲ ಬರುವುದಿಲ್ಲ, ಆಗ ಯೋಜನೆಯನ್ನು ಬದಲಿಸಬೇಕು. ತೋಟಕ್ಕೆ ಹೋಗು ಎನ್ನುವುದು ಯೋಜನೆಯಲ್ಲ. ಬೆಳಿಗ್ಗೆ ಎಂಟಕ್ಕೆ ಚಪ್ಪಲಿ ಮೆಟ್ಟಿ ಹಳ್ಳದ ಸಂಕದವರೆಗೆ ಹೋಗಿ, ಅಲ್ಲಿ ನಿಂತು ನೋಡಿ, ಮರಳಿ ಬಂದು ಹಾಳೆಯಲ್ಲಿ ಅಂಕ ಬರೆಯುವುದು ಯೋಜನೆ. ಯಾವುದನ್ನು ಆರಿಸಬೇಕು ಎಂಬುದೂ ಅಂದಾಜಿನ ಮಾತಲ್ಲ, ಆ ಹಾಳೆಯೇ ಅದನ್ನು ತೋರಿಸುತ್ತದೆ. ಒಬ್ಬರಿಗೆ ಕೊಟ್ಟಿಗೆಯ ಕೆಲಸದಲ್ಲಿ ಮನಸ್ಸು ತುಸು ಏರುತ್ತದೆ, ಇನ್ನೊಬ್ಬರಿಗೆ ಅದೇ ಕೆಲಸ ನಷ್ಟದ ನೆನಪನ್ನು ತಂದು ಇಳಿಸುತ್ತದೆ. ಕೆಲಸವೆಲ್ಲವೂ ಒಳ್ಳೆಯದು ಎಂದು ಭಾವಿಸಿ ಮನೆಯವರು ಹೇರಿದ ಕೆಲಸವನ್ನು ಆತ ಮಾಡಲಾಗದೆ ಬಿಟ್ಟರೆ, ತಾನು ಯಾವುದಕ್ಕೂ ಬಾರದವನು ಎಂಬ ಅವನ ನಂಬಿಕೆಗೆ ಇನ್ನೊಂದು ಸಾಕ್ಷಿ ಸಿಕ್ಕಿದಂತಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ತಪ್ಪಿಸಿಕೊಳ್ಳುವಿಕೆಯ ವಿಶ್ಲೇಷಣೆ. ಫೋನ್ ಬಂದಾಗ ಎದೆ ಡವಗುಟ್ಟುತ್ತದೆ, ಎತ್ತದೆ ಬಿಟ್ಟರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಆ ಹಾಯಿಯೇ ಮುಂದಿನ ಸಲವೂ ಎತ್ತದಂತೆ ಮಾಡುತ್ತದೆ. ಹೀಗೆ ಜಗತ್ತು ಕಿರಿದಾಗುತ್ತ ಹೋಗಿ ಕೊನೆಗೆ ಹಾಸಿಗೆಯೊಂದೇ ಉಳಿಯುತ್ತದೆ. ಯಾವುದು ಕೆಣಕಿತು, ಆಗ ಮನಸ್ಸಿಗೆ ಏನಾಯಿತು, ಅದಕ್ಕೆ ಹೇಗೆ ತಪ್ಪಿಸಿಕೊಂಡೆ, ಅದರ ಬದಲು ಇನ್ನೇನು ಮಾಡಬಹುದಿತ್ತು ಎಂದು ಸೈಕಾಲಜಿಸ್ಟ್ ಮತ್ತು ರೋಗಿ ಒಟ್ಟಿಗೆ ಕುಳಿತು ಬಿಡಿಸುತ್ತಾರೆ. ಬರೀ ಉಪದೇಶದಲ್ಲಿ ಈ ಕೆಲಸ ನಡೆಯುವುದಿಲ್ಲ.

ಮಾತ್ರೆಯ ವಿಷಯ ಚಿಕ್ಕದು, ಆದರೆ ಬಿಗಿಯಾಗಿ ಹೇಳಬೇಕಾದದ್ದು. ಅದನ್ನು ನಿಲ್ಲಿಸುವ, ಕಡಿಮೆ ಮಾಡುವ ತೀರ್ಮಾನವನ್ನು ಮನೋವೈದ್ಯರೇ ತೆಗೆದುಕೊಳ್ಳಬೇಕು. ಚೆನ್ನಾಗಿದೆ ಎನಿಸಿದ ಕೂಡಲೇ ತಾವಾಗಿಯೇ ಬಿಟ್ಟರೆ ತಲೆಸುತ್ತು, ಚಡಪಡಿಕೆಯಂಥ ತೊಂದರೆಗಳು ಬರಬಹುದು, ಖಿನ್ನತೆಯೂ ಮರಳಬಹುದು. ಎರಡೂ ಜೊತೆಯಾಗಿ ನಡೆಯಲು ಅಡ್ಡಿಯೇನಿಲ್ಲ.

ಉತ್ತರ 2 (ಕಾರವಾರ, ಸಮುದಾಯ ಆರೋಗ್ಯದ ಕೆಲಸದಲ್ಲಿರುವವನು)

ಮೇಡಂ ಅವರು ಅಮೆರಿಕದ ಅಧ್ಯಯನಗಳನ್ನು ವಿವರಿಸಿದ್ದಾರೆ. ನಮಗೆ ಇನ್ನೂ ಹತ್ತಿರದ್ದೊಂದನ್ನು ಸೇರಿಸಬೇಕೆನಿಸಿತು, ಏಕೆಂದರೆ ಅದು ನಡೆದದ್ದು ಕಾಳಿ ನದಿಯ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುವ ಗೋವಾದಲ್ಲಿ. ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ಅಲ್ಲಿನ ಸಂಗಾತ್ ಸಂಸ್ಥೆ ಮತ್ತು ಮನೋವೈದ್ಯ ವಿಕ್ರಂ ಪಟೇಲ್ ಅವರ ತಂಡ ಇದೇ ವರ್ತನಾ ಚಿಕಿತ್ಸೆಯನ್ನು ನಮ್ಮ ಕಡೆಯ ಜೀವನಕ್ಕೆ ಹೊಂದಿಸಿ ‘ಹೆಲ್ದಿ ಆ್ಯಕ್ಟಿವಿಟಿ ಪ್ರೋಗ್ರಾಂ’ ಎಂದು ರೂಪಿಸಿತು. ಮೇಲೆ ಹೇಳಿದ ಡಿಮಿಡ್ಜಿಯನ್ ಅವರೂ ಆ ತಂಡದಲ್ಲಿದ್ದರು. ಅದನ್ನು 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಗಣನೀಯ ಖಿನ್ನತೆಯಿದ್ದ 495 ಜನರ ಮೇಲೆ ಪರೀಕ್ಷಿಸಿ 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇದರಲ್ಲಿ ನನ್ನ ಗಮನ ಸೆಳೆದದ್ದು ಚಿಕಿತ್ಸೆ ಕೊಟ್ಟವರು ಯಾರು ಎಂಬುದು. ಅವರು ವೈದ್ಯರಲ್ಲ, ಸೈಕಾಲಜಿಸ್ಟರೂ ಅಲ್ಲ. ಮಾನಸಿಕ ಆರೋಗ್ಯದಲ್ಲಿ ಮೊದಲು ಯಾವ ಶಿಕ್ಷಣವನ್ನೂ ಪಡೆಯದ, ಸ್ಥಳೀಯ ಭಾಷೆ ಬಲ್ಲ ಸಾಮಾನ್ಯ ಜನ. ಅವರಿಗೆ ತರಬೇತಿ ಕೊಟ್ಟು, ಅವರು ನಡೆಸಿದ ಭೇಟಿಗಳ ಧ್ವನಿಮುದ್ರಣವನ್ನು ಗುಂಪಿನಲ್ಲಿ ಕೇಳಿ ಪರಸ್ಪರ ತಿದ್ದಿಕೊಳ್ಳುವ ವ್ಯವಸ್ಥೆ ಮಾಡಿದ್ದರು. ಒಬ್ಬೊಬ್ಬರಿಗೆ 6ರಿಂದ 8 ಭೇಟಿಗಳು, ಆರೋಗ್ಯ ಕೇಂದ್ರದಲ್ಲಿ ಅಥವಾ ಮನೆಯಲ್ಲೇ. ಮೂರು ತಿಂಗಳ ನಂತರ ಈ ಚಿಕಿತ್ಸೆ ಸಿಕ್ಕವರಲ್ಲಿ ಶೇ. 64ರಷ್ಟು ಜನರ ಖಿನ್ನತೆ ಇಳಿದಿತ್ತು. ಆರೋಗ್ಯ ಕೇಂದ್ರದ ಎಂದಿನ ಉಪಚಾರವನ್ನು ತುಸು ಉತ್ತಮಪಡಿಸಿ ಕೊಟ್ಟಿದ್ದ ಇನ್ನೊಂದು ಗುಂಪಿನಲ್ಲಿ ಇದು ಶೇ. 39. ಒಂದು ವರ್ಷದ ನಂತರವೂ ಲಾಭ ಉಳಿದಿತ್ತು. ಇಂಗ್ಲೆಂಡಿನಲ್ಲಿ 440 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಕೋಬ್ರಾ ಎಂಬ ಅಧ್ಯಯನವೂ, ಕಿರಿಯ ಸಿಬ್ಬಂದಿ ಕೊಟ್ಟ ವರ್ತನಾ ಚಿಕಿತ್ಸೆ ನುರಿತ ಥೆರಪಿಸ್ಟರು ಕೊಟ್ಟ ಸಿ.ಬಿ.ಟಿ.ಗಿಂತ (ಯೋಚನೆ, ವರ್ತನೆ ಎರಡನ್ನೂ ತಿದ್ದುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಗಿಂತ) ಕಡಿಮೆಯೇನಲ್ಲ, ಖರ್ಚೂ ಕಡಿಮೆ ಎಂದು ತೋರಿಸಿದೆ.

ಇದು ನಮ್ಮ ಜಿಲ್ಲೆಗೆ ಏಕೆ ಮುಖ್ಯವೆಂದರೆ, ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಸಮಸ್ಯೆಗಳಿರುವವರಲ್ಲಿ ಸುಮಾರು ಶೇ. 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಜೊಯಿಡಾದ ಕಾಡಿನ ನಡುವಿನ ಮನೆಯವರು, ಅಂಕೋಲಾದ ಮೀನುಗಾರ ಕೇರಿಯವರು ಪ್ರತಿ ವಾರ ಧಾರವಾಡಕ್ಕೋ ಮಂಗಳೂರಿಗೋ ಹೋಗಿಬರುವುದು ಆಗದ ಮಾತು. ಕಲಿತ ಕೈಗಳು ಊರಿನಲ್ಲೇ ಇದ್ದರೆ ಸಾಕು ಎಂದು ಪಕ್ಕದ ರಾಜ್ಯದಲ್ಲಿ ಸಾಬೀತಾಗಿರುವಾಗ ನಮ್ಮ ಆರೋಗ್ಯ ಕೇಂದ್ರಗಳಲ್ಲೂ ಇದು ಬರಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸದ್ಯಕ್ಕೆ ಧಾರವಾಡದ ಭೇಟಿಗಳ ನಡುವೆ ಮಾತನಾಡಬೇಕೆನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿದರೆ, ಮನೋವೈದ್ಯರು ಯಾವ ದಿನ ಬರುತ್ತಾರೆಂಬುದು ತಿಳಿಯುತ್ತದೆ.

ಉತ್ತರ 3 (ಕುಮಟಾ, ನಿವೃತ್ತ ಶಿಕ್ಷಕಿ)

ಈ ಚಿಕಿತ್ಸೆಯನ್ನು ಸ್ವತಃ ಪಡೆದವಳಾಗಿ ಎರಡು ಮಾತು. ನಿವೃತ್ತಿ ಮತ್ತು ಯಜಮಾನರ ಸಾವು ಒಂದರ ಬೆನ್ನಿಗೊಂದು ಬಂದ ಕಾಲ ಅದು. ಮೊದಲು ಹೋದ ಖಾಸಗಿ ಕ್ಲಿನಿಕ್ಕಿನಲ್ಲಿ ‘ಒಳ್ಳೆಯದನ್ನೇ ಯೋಚಿಸಿ’ ಎಂದು ಹೇಳಿ ಕಳುಹಿಸಿದ್ದರು. ನಂತರ ಬೇರೆ ಕಡೆ ಈ ಗಂಟೆ-ಗಂಟೆಯ ಹಾಳೆ ಸಿಕ್ಕಿತು. ತುಂಬಿಸುವುದು ಮೊದಮೊದಲು ಹಿಂಸೆ, ಏಕೆಂದರೆ ಬಹಳಷ್ಟು ಚೌಕಗಳಲ್ಲಿ ‘ಮಲಗಿದ್ದೆ’, ‘ಟಿ.ವಿ. ಮುಂದೆ’ ಎಂಬುದನ್ನು ಬಿಟ್ಟು ಬೇರೇನೂ ಇರಲಿಲ್ಲ.

ಆದರೆ ಹಾಳೆ ತುಂಬಿದ ಮೇಲೆ ಅದರಲ್ಲಿ ಕಂಡದ್ದು ನಾನು ಎಣಿಸಿದ್ದಕ್ಕೆ ತದ್ವಿರುದ್ಧವಾಗಿತ್ತು. ಮಧ್ಯಾಹ್ನ ಊಟದ ನಂತರ ಟಿ.ವಿ. ಮುಂದೆ ಕುಳಿತುಕೊಳ್ಳುವುದು ನನ್ನ ವಿಶ್ರಾಂತಿ, ಅದೊಂದೇ ಸುಖ ಎಂದು ನಂಬಿದ್ದೆ. ಅಂಕ ನೋಡಿದರೆ ಕುಳಿತಾಗ 3 ಇದ್ದದ್ದು ಏಳುವ ಹೊತ್ತಿಗೆ 1ಕ್ಕೆ ಇಳಿಯುತ್ತಿತ್ತು. ಒಂದು ಬೆಳಿಗ್ಗೆ ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿದಾಗ, ಹೋಗಲೇಬೇಕಲ್ಲ ಎಂದು ಹೊರಗೆ ಬಂದು ಬಂಗಡೆ ಚೌಕಾಸಿ ಮಾಡಿ, ಅವಳ ಮಗಳ ಎಸ್ಸೆಸ್ಸೆಲ್ಸಿ ಓದಿನ ಬಗ್ಗೆ ಹತ್ತು ನಿಮಿಷ ಮಾತನಾಡಿದ್ದೆ. ಆ ಚೌಕದಲ್ಲಿ 5 ಎಂದು ನಾನೇ ಬರೆದಿದ್ದೆ, ಬರೆದದ್ದು ನನಗೆ ನೆನಪೂ ಇರಲಿಲ್ಲ. ಥೆರಪಿಸ್ಟ್ ಆ ಒಂದು ಚೌಕದ ಮೇಲೆ ಬೆರಳಿಟ್ಟು ‘ಇಲ್ಲಿ ಏನಾಯಿತು, ಹೇಳಿ’ ಎಂದು ಕೇಳಿದರು. ಅಲ್ಲಿಂದ ನಮ್ಮ ಯೋಜನೆ ಹೊರಟಿತು: ವಾರದಲ್ಲಿ ಎರಡು ಸಂಜೆ ಕೇರಿಯ ಇಬ್ಬರು ಮಕ್ಕಳಿಗೆ ಗಣಿತ ಹೇಳಿಕೊಡುವುದು, ಹೇಳಿಕೊಡುವ ಮನಸ್ಸು ಇರಲಿ, ಇಲ್ಲದಿರಲಿ. ಮಕ್ಕಳು ಬಂದು ಜಗಲಿಯಲ್ಲಿ ಕೂತುಬಿಟ್ಟರೆ ಒಳಗೆ ಮಲಗಿರಲು ಆಗುವುದಿಲ್ಲ ಎಂಬ ಕಾರಣಕ್ಕೇ ಅದನ್ನು ಆರಿಸಿದೆವು. ಸುಧಾರಣೆ ಒಂದೇ ಸಮ ಏರಲಿಲ್ಲ, ಕೆಲವು ವಾರ ಹಿಂದಕ್ಕೂ ಹೋಯಿತು. ಅಂಥ ವಾರಗಳಲ್ಲಿ ಥೆರಪಿಸ್ಟ್ ಒಮ್ಮೆಯೂ ‘ಏಕೆ ಮಾಡಲಿಲ್ಲ’ ಎಂದು ಆಕ್ಷೇಪಿಸಲಿಲ್ಲ. ‘ಅಡ್ಡ ಬಂದದ್ದೇನು’ ಎಂದು ಕೇಳಿ, ಕೆಲಸವನ್ನು ಇನ್ನಷ್ಟು ಚಿಕ್ಕದು ಮಾಡುತ್ತಿದ್ದರು. ನಿಮ್ಮ ಮನೆಯವರು ಇದೊಂದನ್ನು ರೂಢಿಸಿಕೊಂಡರೆ ಅಣ್ಣನಿಗೆ ಬಹಳ ಉಪಕಾರವಾದೀತು.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞ. ಉತ್ತರಗಳನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. ಗೋವಾದ ವಿಷಯವನ್ನು ಎರಡು ಸಲ ಕೇಳಿ ತಿಳಿದುಕೊಂಡರು. ಈಗ ಎರಡು ಸಂದೇಹಗಳು. ಅಣ್ಣ ಸೊಸೈಟಿಯಿಂದ ಬಂದ ಸಾಲದ ನೋಟಿಸನ್ನು ಒಡೆದೂ ನೋಡದೆ ಗೂಡಿನಲ್ಲಿಟ್ಟಿದ್ದಾನೆ. ಆ ಮಾತೆತ್ತಿದರೆ ಎದ್ದುಹೋಗುತ್ತಾನೆ. ಅದನ್ನು ನಾವೇ ತೀರಿಸಿ ಮುಗಿಸಿಬಿಡೋಣವೇ? ಎರಡನೆಯದು, ಜೂನ್ ಬಂದರೆ ನಮ್ಮಲ್ಲಿ ಹೊರಗೆ ಕಾಲಿಡಲಾಗದ ಮಳೆ. ಆಗ ಈ ಯೋಜನೆಗಳೆಲ್ಲ ಏನಾಗಬೇಕು?

ಉತ್ತರ 1ರವರು ಮತ್ತೆ

ನೋಟಿಸಿನ ವಿಷಯವನ್ನು ಮುಂದಿನ ಭೇಟಿಯಲ್ಲಿ ಸೈಕಾಲಜಿಸ್ಟ್ ಅವರಿಗೆ ತಿಳಿಸಿ, ಆದರೆ ಅಣ್ಣನ ಎದುರಿನಲ್ಲೇ, ಅವನ ಒಪ್ಪಿಗೆ ಪಡೆದು. ಪಾವತಿಯ ಗಡುವು ಹತ್ತಿರವಿದ್ದರೆ ಮನೆಯವರು ಸೊಸೈಟಿಗೆ ಹೋಗಿ ಕಾಲಾವಕಾಶ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಪೂರ್ತಿಯಾಗಿ ಅವನ ಕೈಯಿಂದ ಕಿತ್ತುಕೊಳ್ಳಬೇಡಿ, ಏಕೆಂದರೆ ಅವನು ಎದುರಿಸಲಾಗದೆ ಬಿಟ್ಟಿರುವ ಸಂಗತಿಗಳಲ್ಲಿ ಬಹುಶಃ ಇದೇ ಮುಖ್ಯವಾದದ್ದು. ಚಿಕಿತ್ಸೆಯಲ್ಲಿ ಅದನ್ನು ತುಂಡು ತುಂಡಾಗಿ ಎದುರಿಸುತ್ತಾರೆ. ಒಂದು ದಿನ ಲಕೋಟೆಯನ್ನು ಗೂಡಿನಿಂದ ಮೇಜಿನ ಮೇಲೆ ತಂದಿಡುವುದಷ್ಟೇ. ಇನ್ನೊಂದು ದಿನ ನೀವು ಪಕ್ಕದಲ್ಲಿ ಕುಳಿತಿರುವಾಗ ಒಡೆಯುವುದು. ಮತ್ತೊಂದು ದಿನ ಮೊತ್ತ ಮತ್ತು ತಾರೀಕನ್ನು ಚೀಟಿಯಲ್ಲಿ ಬರೆದುಕೊಳ್ಳುವುದು. ಆಮೇಲೆ ಕಾರ್ಯದರ್ಶಿಯವರಿಗೆ ಒಂದು ಫೋನ್. ಪ್ರತಿ ಮೆಟ್ಟಿಲಿನ ಮೊದಲು ಎಷ್ಟು ಭಯವಿತ್ತು, ಮುಗಿದ ಮೇಲೆ ಎಷ್ಟಾಯಿತು ಎಂಬುದನ್ನು ಅದೇ ಹಾಳೆಯಲ್ಲಿ ಬರೆಯಲಿ.

ಮಳೆಗಾಲಕ್ಕೆ ಈಗಿನಿಂದಲೇ ಬೇರೆ ಯೋಜನೆ ಬೇಕು. ಕಳೆದ ವರ್ಷ ಪೆಟ್ಟು ಬಿದ್ದದ್ದೂ ಆ ತಿಂಗಳುಗಳಲ್ಲೇ ಆದ್ದರಿಂದ, ಕೊಳೆ ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಯ ಹೊತ್ತಿಗೆ ಅವನ ಮನಸ್ಸು ಕುಸಿಯಬಹುದೆಂದು ಮೊದಲೇ ಎಣಿಸಿಕೊಂಡಿರಿ. ಸಿಂಪಡಣೆಯ ಪೂರ್ತಿ ಹೊಣೆಯನ್ನು ಹೊರಿಸದೆ, ಮರ ಹತ್ತಿ ಸಿಂಪಡಿಸುವ ಕೊನೆಗಾರರನ್ನು ಮಾತಾಡಿ ದಿನ ಗೊತ್ತುಮಾಡುವುದರಂಥ ಒಂದು ಭಾಗವನ್ನು ಅವನಿಗಿಡಿ. ಮನೆಯೊಳಗೆ ಆಗುವಂಥದ್ದನ್ನು ಅವನ ಹಳೆಯ ಆಸಕ್ತಿಯಿಂದಲೇ ಹುಡುಕಿ. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವನಾದರೆ ಜೊತೆಯವರೊಬ್ಬರನ್ನು ವಾರಕ್ಕೊಮ್ಮೆ ಮನೆಗೇ ಕರೆದು ಒಂದು ಪ್ರಸಂಗದ ಪದ್ಯಗಳನ್ನು ಓದಿಸಬಹುದು, ಬರೀ ಕೇಳುವವನಾದರೂ ಅಡ್ಡಿಯಿಲ್ಲ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಬೇಕಾದದ್ದು. ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕಗಳ ಡಬ್ಬಿಗಳು ಕೈಗೆಟಕುವಲ್ಲೇ ಇರುತ್ತವೆ. ಅವುಗಳನ್ನು ಇಂದೇ ಬೀಗ ಹಾಕುವ ಕಡೆ ಇಟ್ಟು, ಬೀಗದ ಕೈ ಬೇರೆಯವರ ಬಳಿ ಇರುವಂತೆ ನೋಡಿಕೊಳ್ಳಿ. ಸಾಯುವ ಯೋಚನೆ ಬರುತ್ತದೆಯೇ ಎಂದು ಅಣ್ಣನನ್ನು ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವನನ್ನು ಒಬ್ಬನೇ ಬಿಡದೆ ಅದೇ ದಿನ ಮನೋವೈದ್ಯರನ್ನು ಸಂಪರ್ಕಿಸಿ, ಅವರು ಸಿಗದಿದ್ದರೆ 14416ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ, ಮುಂದಿನ ಭೇಟಿಯ ತಾರೀಕಿಗೆ ಕಾಯಬೇಡಿ.